ತೊಡೆಯ ಸ್ನಾಯುಗಳು ನೆನಪಿರಬೇಕಾದರೆ ಮೊದಲು ಫೀಮರ್ (ತೊಡೆಮೂಳೆ) ಹಿಡಿಯಲು ಕಲಿಯಿರಿ

ಎಂಬಿಬಿಎಸ್ ಮೊದಲ ವರ್ಷದಲ್ಲಿರುವ ನೀವು, ಸೊಂಟ ಮತ್ತು ತೊಡೆಯ ಸ್ನಾಯುಗಳ ಒರಿಜಿನ್ (ಹುಟ್ಟುವ ಜಾಗ), ಇನ್ಸರ್ಷನ್ (ಹೋಗಿ ಅಂಟುವ ಜಾಗ), ನರ ಯಾವುದೂ ತಲೆಯಲ್ಲಿ ನಿಲ್ಲುತ್ತಿಲ್ಲ, ಇದಕ್ಕೆ ಒಳ್ಳೆಯ ಆ್ಯಪ್ ಇದೆಯೇ ಅಥವಾ ನೆನಪಿನ ಸೂತ್ರಗಳೇ ಸಾಕೇ ಎಂದು ಕೇಳಿದ್ದೀರಿ. ಬೆಂಗಳೂರಿನ ಹಾಸ್ಟೆಲ್ ಕೋಣೆಯ ಗೋಡೆಗೆ ಇದೇ ವಿವರಗಳ ಕೋಷ್ಟಕಗಳನ್ನು ಅಂಟಿಸಿಕೊಂಡು ಮಲಗುತ್ತಿದ್ದವನು ನಾನು. ಅವಷ್ಟೂ ಬಾಯಿಪಾಠವಾಗಿದ್ದವು, ಲಿಖಿತ ಪರೀಕ್ಷೆಯೂ ಪಾಸಾಗಿತ್ತು. ಅನಾಟಮಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾತ್ರ ಫೇಲಾದೆ.

ಅದರ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಪರೀಕ್ಷಕರು ಒಂದು ಫೀಮರ್ ಕೊಟ್ಟು, ಯಾವ ಕಡೆಯದೆಂದು ಕೇಳಿದರು. ತಲೆಯನ್ನು ಒಳಮುಖವಾಗಿಯೂ, ಲೀನಿಯಾ ಆಸ್ಪೆರಾ ಎಂಬ ಒರಟು ಏಣನ್ನು ಹಿಂಬದಿಗೂ ತಿರುಗಿಸಿಕೊಂಡು ಎಡಗಾಲಿನದೆಂದು ಹೇಳಿದೆ, ಅದು ಸರಿಯಾಗಿತ್ತು. "ಹಾಗಾದರೆ ದೇಹದಲ್ಲಿ ಇರುವಂತೆ ಹಿಡಿದು ತೋರಿಸಪ್ಪ" ಎಂದರು. ನಾನು ಅದನ್ನು ನೆಟ್ಟಗೆ ಹಿಡಿದೆ. ಅವರು ಸ್ವಲ್ಪ ಹೊತ್ತು ನೋಡಿ, "ನಿನ್ನ ಪೇಷೆಂಟಿನ ಎರಡು ಮಂಡಿಗಳ ನಡುವೆ ಆಟೋ ದಾಟಿಹೋಗುತ್ತದಲ್ಲಪ್ಪ" ಎಂದರು.

ನಾನು ಓದಿದ ಚಿತ್ರಗಳಲ್ಲೆಲ್ಲ ಮೂಳೆ ಪುಟದ ಅಂಚಿಗೆ ಸಮಾನಾಂತರವಾಗಿಯೇ ಇರುತ್ತಿತ್ತು, ಆದ್ದರಿಂದ ದೇಹದಲ್ಲೂ ಹಾಗೆಯೇ ಇದೆಯೆಂದು ನಂಬಿದ್ದೆ. ವಾಸ್ತವದಲ್ಲಿ ಸೊಂಟದ ಎರಡು ಕೀಲುಗುಳಿಗಳು ದೂರದೂರದಲ್ಲಿವೆ. ಅಲ್ಲಿಂದ ಫೀಮರ್‌ನ ಕತ್ತು, ವಯಸ್ಕರಲ್ಲಿ ಕಾಂಡದೊಡನೆ (ಮೂಳೆಯ ಉದ್ದನೆಯ ನಡುಭಾಗದೊಡನೆ) ಸುಮಾರು 125 ಡಿಗ್ರಿ ಕೋನ ಮಾಡಿಕೊಂಡು, ಮೂಳೆಯನ್ನು ಇನ್ನಷ್ಟು ಹೊರಕ್ಕೆ ಒಯ್ಯುತ್ತದೆ. ಮಂಡಿಗಳಾದರೋ ದೇಹದ ಭಾರ ಬೀಳುವ ರೇಖೆಗೆ ಹತ್ತಿರವಿರಬೇಕು. ಹೀಗಾಗಿ ಕಾಂಡವು ಕೆಳಗಿಳಿಯುತ್ತ ಒಳಕ್ಕೆ ವಾಲಲೇಬೇಕು. ಮೂಳೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಕೆಳತುದಿಯ ಎರಡೂ ದುಂಡು ಉಬ್ಬುಗಳು, ಅಂದರೆ ಕಾಂಡೈಲ್‌ಗಳು ಹಲಗೆಗೆ ತಾಗುವಂತೆ ಮಾಡಿದರೆ ಕಾಂಡ ತಾನಾಗಿಯೇ ಓರೆಯಾಗುತ್ತದೆ. ನನ್ನಂತೆ ನೆಟ್ಟಗೆ ಹಿಡಿದರೆ ಒಳಗಿನ ಕಾಂಡೈಲ್ ಕೆಳಗೆ ಇಳಿದು, ಹೊರಗಿನದು ಮೇಲೇಳುತ್ತದೆ. ಅಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಅಲ್ಲಿಂದ ಮುಂದಿನ ಪ್ರಶ್ನೆಗಳೆಲ್ಲ ಆ ಓರೆಯಿಂದಲೇ ಹುಟ್ಟಿದವು. ತೊಡೆಯ ಮುಂಬದಿಯ ಕ್ವಾಡ್ರಿಸೆಪ್ಸ್ ಸ್ನಾಯು ಓರೆಯಾಗಿ ಎಳೆಯುವುದರಿಂದ ಮಂಡಿಚಿಪ್ಪು ಯಾವ ಕಡೆಗೆ ಜಾರಲು ನೋಡುತ್ತದೆ? ಹೊರಕ್ಕೆ. ಅದನ್ನು ತಡೆಯುವುದು ಯಾವುದು? ಮುಂದಕ್ಕೆ ಉಬ್ಬಿರುವ ಹೊರಗಿನ ಕಾಂಡೈಲ್ ಮತ್ತು ಕ್ವಾಡ್ರಿಸೆಪ್ಸ್‌ನ ಒಳಬದಿಯ ಭಾಗವಾದ ವಾಸ್ಟಸ್ ಮೀಡಿಯಾಲಿಸ್‌ನ ಕೆಳಗಿನ ನಾರುಗಳು. ನನ್ನ ಕೋಷ್ಟಕದಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ. ಗೆಳೆಯರು ಅವೆನ್ಯೂ ರಸ್ತೆಯಲ್ಲಿ ಪ್ಯಾಥಾಲಜಿ ಪುಸ್ತಕಕ್ಕೆ ಚೌಕಾಸಿ ಮಾಡುತ್ತಿದ್ದಾಗ ನಾನು ಸಪ್ಲಿಮೆಂಟರಿಗೆ ಓದುತ್ತ ಕುಳಿತಿದ್ದೆ.

ಆದ್ದರಿಂದ ಆ್ಯಪ್ ಒಳ್ಳೆಯದೋ ಸೂತ್ರ ಒಳ್ಳೆಯದೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸೀನಿಯರ್‌ಗಳಿಂದ ಬೋನ್ ಸೆಟ್ ಪಡೆದು, ಹಿಪ್ ಬೋನ್ ಮತ್ತು ಫೀಮರ್ ಎರಡನ್ನೂ ಜೋಡಿಸಿ ಹಿಡಿಯಿರಿ. ತೊಡೆಯ ಒಳಬದಿಯ ಸ್ನಾಯುವಾದ ಅಡಕ್ಟರ್ ಮ್ಯಾಗ್ನಸ್‌ಗೆ ಎರಡು ನರಗಳೆಂಬುದನ್ನು ನಾವು ಅಪವಾದವೆಂದು ಉರುಹೊಡೆಯುತ್ತೇವೆ. ಬೆರಳನ್ನು ಇಶಿಯಲ್ ಟ್ಯೂಬರಾಸಿಟಿಯಿಂದ (ಕುಳಿತಾಗ ಊರುವ ಮೂಳೆಯ ಉಬ್ಬಿನಿಂದ) ನೇರವಾಗಿ ಫೀಮರ್‌ನ ಕೆಳತುದಿಯ ಒಳಬದಿಯಲ್ಲಿರುವ ಅಡಕ್ಟರ್ ಟ್ಯೂಬರ್ಕಲ್‌ವರೆಗೆ ಎಳೆದು ನೋಡಿ: ಆ ಗೆರೆಯಲ್ಲಿ ಸಾಗುವ ಸ್ನಾಯುಭಾಗ ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್‌ಗಳ ಜೊತೆಗಾರನೆಂದು, ಅದಕ್ಕಾಗಿಯೇ ತೊಡೆಯ ಹಿಂಬದಿಯಲ್ಲಿ ಇಳಿಯುವ ಸಿಯಾಟಿಕ್ ನರದ ಟಿಬಿಯಲ್ ಪಾಲನ್ನು ಪಡೆಯುತ್ತದೆಂದು ತಿಳಿಯುತ್ತದೆ. ಲೀನಿಯಾ ಆಸ್ಪೆರಾಕ್ಕೆ ಬೀಸಣಿಗೆಯಂತೆ ಹರಡಿಕೊಳ್ಳುವ ಉಳಿದ ಭಾಗ ಆಬ್ಟುರೇಟರ್ ನರದ್ದು.

ಸೊಂಟದ ಪಕ್ಕದ ಸ್ನಾಯುವಾದ ಗ್ಲೂಟಿಯಸ್ ಮೀಡಿಯಸ್ ಅನ್ನು ಬಿಎಂಟಿಸಿ ಬಸ್ಸಿನಲ್ಲಿ ನಿಂತಿರುವಾಗಲೇ ಕಲಿಯಬಹುದು. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ಸೊಂಟದ ಮೂಳೆಯ ಮೇಲಂಚಿಗೂ ತೊಡೆಯ ಪಕ್ಕದ ಉಬ್ಬಾದ ಗ್ರೇಟರ್ ಟ್ರೊಕ್ಯಾಂಟರ್‌ಗೂ ನಡುವೆ ಒತ್ತಿಟ್ಟು, ಎದುರು ಬದಿಯ ಪಾದವನ್ನು ತುಸು ಎತ್ತಿ. ಬೆರಳ ಕೆಳಗೆ ಸ್ನಾಯು ಗಟ್ಟಿಯಾಗುತ್ತದೆ. "ಅಬ್ಡಕ್ಟರ್" ಎಂದು ಬರೆದುಕೊಂಡವರು ಅದು ಕಾಲನ್ನು ಪಕ್ಕಕ್ಕೆ ಎತ್ತುವುದಕ್ಕೆ ಇದೆ ಎಂದುಕೊಳ್ಳುತ್ತಾರೆ. ಅದರ ದಿನನಿತ್ಯದ ದುಡಿಮೆ ಊರಿದ ಕಾಲಿನ ಮೇಲೆ ಪೆಲ್ವಿಸ್ (ಸೊಂಟದ ಮೂಳೆಗೂಡು) ಎದುರು ಬದಿಗೆ ಕುಸಿಯದಂತೆ ಹಿಡಿಯುವುದು. ಅದನ್ನು ನಡೆಸುವ ಸುಪೀರಿಯರ್ ಗ್ಲೂಟಿಯಲ್ ನರಕ್ಕೆ ಪೆಟ್ಟಾದರೆ ಎತ್ತಿದ ಕಾಲಿನ ಕಡೆಗೆ ಪೆಲ್ವಿಸ್ ಇಳಿಯುತ್ತದೆ. ಜರ್ಮನ್ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಲಕ್ಷಣವಿದು, ವೈವಾದಲ್ಲಿ ಕೇಳಿಯೇ ಕೇಳುತ್ತಾರೆ.

ಪ್ಲಾಸ್ಟಿಕ್ ಫೀಮರ್‌ಗೆ ದುಡ್ಡು ಸುರಿಯಬೇಡಿ. ಹಲವು ಮಾದರಿಗಳಲ್ಲಿ ಲೀನಿಯಾ ಆಸ್ಪೆರಾದ ಅಂಚುಗಳು ಸವೆದಂತಿದ್ದು, ಯಾವ ಸ್ನಾಯು ಎಲ್ಲಿ ಅಂಟಿದೆಯೆಂದು ಬೆರಳಿಗೆ ಗೊತ್ತಾಗುವುದಿಲ್ಲ. ಸೆಟ್ ಸಿಗದಿದ್ದರೆ ವಿಭಾಗದ ಅಟೆಂಡರ್ ಬಳಿ ಕೇಳಿ, ಡಿಸೆಕ್ಷನ್ ಮುಗಿದ ಮೇಲೆ ಅಲ್ಲಿಯೇ ಕುಳಿತು ಓದಿ.