ಮಳೆಗಾಲ ಕಳೆದ ಮೇಲೆ ಟ್ರೇಲರ್‌ನ ಗಾಲಿ ಬಿಸಿಯಾಗುವುದೇಕೆ?

ಪ್ರಶ್ನೆ: ಕಾರಿನ ಹಿಂದೆ ಕಟ್ಟಿ ಎಳೆಯುವ ಸಣ್ಣ ಕ್ಯಾರವಾನ್ ಟ್ರೇಲರ್ ನಮ್ಮಲ್ಲಿದೆ. ಎರಡೇ ಗಾಲಿ, ಎಲೆಕ್ಟ್ರಿಕ್ ಡ್ರಮ್ ಬ್ರೇಕ್. ಮಳೆಗಾಲವಿಡೀ ಅದು ಕಾಪುವಿನಲ್ಲಿ, ಕಡಲಿಗೆ ಹತ್ತಿರದ ನಮ್ಮ ಮನೆಯಂಗಳದಲ್ಲೇ ನಿಂತಿತ್ತು. ಆಮೇಲೆ ಮಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಎಡಗಾಲಿಯ ಹಬ್ (ಬೇರಿಂಗ್ ಕೂತಿರುವ ಗಾಲಿಯ ನಡುಭಾಗ) ಕೈಯಿಡಲಾಗದಷ್ಟು ಬಿಸಿಯಾಗಿ, ಗುರುಗುಟ್ಟುವ ಸದ್ದು ಬರತೊಡಗಿತು. ಗ್ಯಾರೇಜಿನವರು ಗಾಲಿ ಬಿಚ್ಚದೆ, ಹೊರಗಿನ ನಿಪ್ಪಲ್ ಮೂಲಕ ಗನ್ನಿನಿಂದ ಗ್ರೀಸ್ ತುಂಬಿಸಿಕೊಟ್ಟರು. ಈಗ ಆ ಗಾಲಿಯ ಬ್ರೇಕ್ ಹಿಡಿಯುತ್ತಿಲ್ಲ. ಡಿಸೆಂಬರಿನಲ್ಲಿ ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರಿಗೆ ಹೋಗುವ ಯೋಚನೆಯಿದೆ. ಏನು ಮಾಡಬೇಕು?
– ಓದುಗರೊಬ್ಬರು, ಕಾಪು

ಉತ್ತರ: ಆ ಗಾಲಿಯನ್ನು ಬಿಚ್ಚಿ ನೋಡುವವರೆಗೆ ದಯವಿಟ್ಟು ಟ್ರೇಲರನ್ನು ರಸ್ತೆಗಿಳಿಸಬೇಡಿ. ನೀವು ಹೇಳಿದ ಎರಡು ತೊಂದರೆಗಳಿಗೂ ಬಹುಮಟ್ಟಿಗೆ ಒಂದೇ ಮೂಲವಿದೆ. ಹಬ್‌ನ ಹಿಂಬದಿಯಲ್ಲಿ, ಒಳಗಿನ ಬೇರಿಂಗ್‌ಗೂ ಬ್ರೇಕ್‌ಗೂ ನಡುವೆ, ರಬ್ಬರ್ ಅಂಚಿನ ಒಂದು ಆಯಿಲ್ ಸೀಲ್ ಇರುತ್ತದೆ. ಅದು ಸವೆದಿದ್ದರೆ ಮಳೆನೀರು ಬೇರಿಂಗ್‌ಗೆ ಇಳಿಯುತ್ತದೆ. ಗನ್ನಿನಿಂದ ರಭಸವಾಗಿ ಗ್ರೀಸ್ ತುಂಬಿಸಿದರೆ ಅದೇ ದಾರಿಯಲ್ಲಿ ಗ್ರೀಸ್ ಹೊರಬಿದ್ದು, ಡ್ರಮ್ಮಿಗೆ ಒತ್ತಿ ಗಾಲಿಯನ್ನು ತಡೆಯುವ ಬ್ರೇಕ್ ಶೂಗಳಿಗೆ ಮೆತ್ತಿಕೊಳ್ಳುತ್ತದೆ. ಗಾಲಿಯನ್ನು ಜ್ಯಾಕ್ ಮೇಲೆತ್ತಿ, ನಿಧಾನವಾಗಿ ತಿರುಗಿಸುತ್ತ ತುಂಬಿಸಿದರೆ ಈ ಅಪಾಯ ಕಡಿಮೆ, ಆದರೂ ಅದು ಬಿಚ್ಚಿ ತೊಳೆಯುವುದಕ್ಕೆ ಬದಲಿಯಾಗದು.

ಹಬ್ ಕಳಚಿದ ಮೇಲೆ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹಗಲು ಬೆಳಕಿನಲ್ಲಿ ನೋಡಿ. ರೋಲರ್‌ಗಳು ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಮಿತಿಮೀರಿದ ಬಿಸಿಯ ಗುರುತು. ಹಬ್‌ನೊಳಗೆ ಕೂತಿರುವ, ರೋಲರ್‌ಗಳು ಉರುಳುವ ಉಕ್ಕಿನ ಬಳೆಯಾದ ಕಪ್‌ನ ಮೇಲೆ, ರೋಲರ್‌ಗಳ ನಡುವಿನಷ್ಟೇ ಅಂತರದಲ್ಲಿ ಬೂದು ಅಥವಾ ಕಪ್ಪು ಗೆರೆಗಳು ಸಾಲಾಗಿ ಕಂಡರೆ, ನೀರು ಸೇರಿದ ಗ್ರೀಸಿನಲ್ಲಿ ಬೇರಿಂಗ್ ತಿಂಗಳುಗಟ್ಟಲೆ ಅಲುಗಾಡದೆ ನಿಂತಿತ್ತೆಂದು ಅರ್ಥ. ನಮ್ಮ ಕರಾವಳಿಯಲ್ಲಿ ಮಳೆಗಾಲ ದಾಟಿದ ಟ್ರೇಲರ್‌ನಲ್ಲಿ ಇದನ್ನು ಹುಡುಕಲೇಬೇಕು. ಈ ಎರಡರಲ್ಲಿ ಯಾವುದು ಕಂಡರೂ ಬೇರಿಂಗ್ ಮತ್ತು ಕಪ್ ಎರಡನ್ನೂ ಜೊತೆಯಾಗಿಯೇ ಬದಲಿಸಿ. ಹಳೆಯ ಕಪ್‌ಗೆ ಹೊಸ ಬೇರಿಂಗ್ ಕೂರಿಸುವುದು ಉಳಿತಾಯವಲ್ಲ. ಸೀಲ್ ಅಂತೂ ಪ್ರತಿ ಸಲ ಬಿಚ್ಚಿದಾಗಲೂ ಹೊಸದೇ ಇರಲಿ.

ಗ್ರೀಸನ್ನು ಅಂಗೈಯಲ್ಲಿಟ್ಟು, ಬೇರಿಂಗ್‌ನ ಅಗಲವಾದ ಅಂಚನ್ನು ಅದಕ್ಕೆ ಒತ್ತುತ್ತ, ರೋಲರ್‌ಗಳ ಸಂದಿಯಿಂದ ಇನ್ನೊಂದು ಬದಿಗೆ ಗ್ರೀಸ್ ಉಕ್ಕಿ ಬರುವವರೆಗೆ ತುಂಬಬೇಕು. ಲಿಥಿಯಂ ಕಾಂಪ್ಲೆಕ್ಸ್ ಬಗೆಯ, ಗಾಲಿ ಬೇರಿಂಗ್‌ಗೆಂದೇ ಇರುವ, ಗಟ್ಟಿತನದ ಅಳತೆಯಲ್ಲಿ NLGI 2 ಎಂದು ಗುರುತಿಸಿದ ಗ್ರೀಸ್ ಸಾಕು. ಬೇರೆ ಬೇರೆ ಬಗೆಯ ಗ್ರೀಸ್‌ಗಳನ್ನು ಬೆರೆಸಬೇಡಿ. ಜೋಡಿಸುವಾಗ ಗಾಲಿ ತಿರುಗಿಸುತ್ತಲೇ ಅಚ್ಚಿನ ತುದಿಯ ನಟ್ ಬಿಗಿದು, ಬೇರಿಂಗ್ ಸರಿಯಾಗಿ ಕೂತ ಮೇಲೆ ಸಡಿಲಿಸಿ, ಮತ್ತೆ ಕೈಬೆರಳಿನ ಬಲದಿಂದಷ್ಟೇ ಬಿಗಿದು, ನಟ್ ಕಳಚದಂತೆ ತಡೆಯುವ ಹೊಸ ಕಾಟರ್ ಪಿನ್ ಹಾಕಬೇಕು. ಪಾನಾದ (ಸ್ಪ್ಯಾನರ್‌ನ) ಬಲದಿಂದ ಬಿಗಿದು ಹಾಗೇ ಬಿಟ್ಟ ನಟ್ ಒಳ್ಳೆಯ ಬೇರಿಂಗನ್ನೂ ಸುಟ್ಟುಬಿಡುತ್ತದೆ.

ಇನ್ನು ಬ್ರೇಕ್. ಗ್ರೀಸ್ ಹೀರಿದ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ರೂಢಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಶೂಗಳ ಮೇಲೆ ಅಂಟಿರುವ ಲೈನರ್ ಬಿಸಿಯಾದಾಗ ಒಳಗೆ ಇಂಗಿದ ಗ್ರೀಸ್ ಮತ್ತೆ ಮೇಲೆ ಬರುತ್ತದೆ. ಎರಡೂ ಗಾಲಿಗಳ ಶೂಗಳನ್ನು ಒಟ್ಟಿಗೆ ಬದಲಿಸಿದರೆ ಮಾತ್ರ ಎರಡು ಬದಿಯ ಹಿಡಿತ ಸಮನಾಗುತ್ತದೆ. ಡ್ರಮ್ಮನ್ನೂ, ವಿದ್ಯುತ್ ಹರಿದಾಗ ಶೂಗಳನ್ನು ಒತ್ತಿಸುವ ಮ್ಯಾಗ್ನೆಟ್‌ನ ಮುಖವನ್ನೂ ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಉಪ್ಪುಗಾಳಿಗೆ ಅರ್ತಿಂಗ್ ತಂತಿಯ ತುದಿ ಹಸಿರು ಕಟ್ಟಿದ್ದರೆ ಕೆರೆದು ಸರಿಪಡಿಸಿ. 10 ಇಂಚಿನ ಬ್ರೇಕ್‌ನ ಒಂದು ಮ್ಯಾಗ್ನೆಟ್ ಸುಮಾರು 3 ಆಂಪಿಯರ್ ಎಳೆಯಬೇಕು, ಅದಕ್ಕಿಂತ ತೀರಾ ಕಡಿಮೆಯಿದ್ದರೆ ದೋಷ ವೈರಿಂಗ್‌ನಲ್ಲೋ ಮ್ಯಾಗ್ನೆಟ್‌ನಲ್ಲೋ ಇರುತ್ತದೆ. ಬಳಿಕ ಬ್ರೇಕ್‌ನ ಹಿಂಬದಿಯ ಕಿಂಡಿಯಿಂದ, ಶೂಗಳ ಅಂತರ ಹೊಂದಿಸುವ ಅಡ್ಜಸ್ಟರ್ ಹಲ್ಲನ್ನು ಗಾಲಿ ತಿರುಗದಷ್ಟು ಬಿಗಿದು, ತುಸುವೇ ಉಜ್ಜುತ್ತ ಸಲೀಸಾಗಿ ತಿರುಗುವವರೆಗೆ ಸಡಿಲಿಸಿ. ಹೊಸ ಶೂಗಳು ಸುಮಾರು 300 ಕಿ.ಮೀ. ಓಡಿದ ಮೇಲೆ ಇದನ್ನು ಮತ್ತೊಮ್ಮೆ ಮಾಡಬೇಕು. ಬಲಗಾಲಿಯೂ ಅದೇ ಮಳೆಯಲ್ಲಿ ನಿಂತಿತ್ತಾದ್ದರಿಂದ ಅದನ್ನೂ ಬಿಚ್ಚಿ ನೋಡಿ.

ಘಾಟಿಗೆ ಮುಂಚೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದು ಸುತ್ತು ಹೋಗಿ, ನಿಲ್ಲಿಸಿದ ಕೂಡಲೇ ಎರಡೂ ಹಬ್‌ಗಳ ಬಿಸಿಯನ್ನು ಹೋಲಿಸಿ, ಗಾಲಿಯ ನಟ್‌ಗಳ ಬಿಗಿತವನ್ನೂ ಪರೀಕ್ಷಿಸಿ. ಒಂದು ಬದಿ ಎದ್ದು ಕಾಣುವಷ್ಟು ಹೆಚ್ಚು ಬಿಸಿಯಿದ್ದರೆ ಚಾರ್ಮಾಡಿ ಪ್ರಯಾಣವನ್ನು ಮುಂದೂಡಿ, ಆ ಗಾಲಿಯನ್ನು ಮತ್ತೆ ಬಿಚ್ಚಿಸಿ ನೋಡಿ.