ಫಿಗರ್ ಸ್ಕೇಟಿಂಗ್‌ನ ಆ ‘ಫಿಗರ್’ ಎಲ್ಲಿ ಹೋಯಿತು?

ಪ್ರಶ್ನೆ: ನನ್ನ ಹತ್ತು ವರ್ಷದ ಮಗಳು ಎರಡು ವರ್ಷಗಳಿಂದ ರೋಲರ್ ಸ್ಕೇಟಿಂಗ್ ಕಲಿಯುತ್ತಿದ್ದಾಳೆ. ಮೊನ್ನೆ ಮಂಜುಗಡ್ಡೆಯ ಮೇಲೆ ನಡೆಯುವ ವಿಶ್ವ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಷಿಪ್ ನೋಡುತ್ತಾ, ‘ಇದರಲ್ಲಿ ಫಿಗರ್ ಅಂದರೆ ಏನಮ್ಮಾ?’ ಎಂದು ಕೇಳಿದಳು. ನನಗೆ ಹೇಳಲಾಗಲಿಲ್ಲ. ಈ ಸ್ಪರ್ಧೆ ಯಾವಾಗ ಆರಂಭವಾಯಿತು, ಈ ಹೆಸರು ಎಲ್ಲಿಂದ ಬಂತು?
– ಓದುಗರು, ವಿನೋಬನಗರ, ಶಿವಮೊಗ್ಗ

ಉತ್ತರ: ನಿಮ್ಮ ಮಗಳು ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ. ಈ ಸ್ಪರ್ಧೆಯ ಚರಿತ್ರೆಯ ಅರ್ಧಭಾಗ ಆ ಒಂದು ಪದದಲ್ಲೇ ಅಡಗಿದೆ.

ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು 1892ರಲ್ಲಿ ನೆದರ್ಲೆಂಡ್ಸ್‌ನ ಸ್ಖೆವನಿಂಗನ್‌ನಲ್ಲಿ ಸ್ಥಾಪನೆಯಾಯಿತು. ಅದರ ಆಶ್ರಯದಲ್ಲಿ ಮೊದಲ ಚಾಂಪಿಯನ್‌ಷಿಪ್ 1896ರ ಫೆಬ್ರವರಿಯಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಡೆಯಿತು. ಕಣದಲ್ಲಿದ್ದವರು ನಾಲ್ಕೇ ಜನ, ನಾಲ್ವರೂ ಗಂಡಸರು. ಗೆದ್ದವರು ಜರ್ಮನಿಯ ಗಿಲ್ಬರ್ಟ್ ಫುಕ್ಸ್. ಆಸ್ಟ್ರಿಯಾದ ಗುಸ್ತಾವ್ ಹ್ಯೂಗೆಲ್ ಎರಡನೆಯವರು. ಫುಕ್ಸ್ ಅರಣ್ಯಶಾಸ್ತ್ರ ಓದಿ, ಮರದ ತೊಗಟೆ ಕೊರೆಯುವ ದುಂಬಿಗಳನ್ನು ಅಧ್ಯಯನ ಮಾಡಿದವರು ಎಂಬುದನ್ನು ಕಾಡಿನ ಮಗ್ಗುಲಲ್ಲೇ ಬದುಕುವ ಮಲೆನಾಡಿನ ಓದುಗರಿಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಆಗಿನ್ನೂ ಈ ಕೂಟಕ್ಕೆ ‘ವಿಶ್ವ’ ಎಂಬ ವಿಶೇಷಣ ಇರಲಿಲ್ಲ. ಅದು ಒಕ್ಕೂಟದ ಚಾಂಪಿಯನ್‌ಷಿಪ್ ಆಗಿತ್ತು, ವಿಶ್ವ ಚಾಂಪಿಯನ್‌ಷಿಪ್ ಎಂಬ ಹೆಸರು 1924ರಲ್ಲಿ ಬಂತು.

ಇನ್ನು ‘ಫಿಗರ್’ ಎಂದರೆ ಆಕೃತಿ. ಸ್ಕೇಟಿನ ಅಲಗು ಸುಮಾರು ನಾಲ್ಕು ಮಿಲಿಮೀಟರ್ ಅಗಲವಿದ್ದು, ಅದರ ತಳದ ನಡುವೆ ಉದ್ದಕ್ಕೂ ಒಂದು ತೋಡು ಇರುತ್ತದೆ. ಹೀಗಾಗಿ ಒಂದೇ ಅಲಗಿಗೆ ಒಳ ಅಂಚು, ಹೊರ ಅಂಚು ಎಂದು ಎರಡು ಅಂಚುಗಳು. ದೇಹವನ್ನು ಯಾವ ಅಂಚಿನ ಮೇಲೆ ವಾಲಿಸುತ್ತೀರೋ ಆ ಕಡೆಗೆ ದಾರಿ ಬಾಗುತ್ತದೆ, ಮಂಜಿನ ಮೇಲೆ ಬಿಳಿಯ ಗೆರೆ ಮೂಡುತ್ತದೆ. ಒಂದು ಕಾಲಿನಲ್ಲಿ ಒಂದು ವೃತ್ತ, ಇನ್ನೊಂದು ಕಾಲಿನಲ್ಲಿ ಅದಕ್ಕೆ ತಾಗಿದಂತೆ ಮತ್ತೊಂದು ವೃತ್ತ ಎಳೆದರೆ ಇಂಗ್ಲಿಷ್ ಎಂಟರ ಆಕೃತಿ ಸಿದ್ಧ. ಅದೇ ಗೆರೆಯ ಮೇಲೆ ಮತ್ತೆ ಮತ್ತೆ, ಒಟ್ಟು ಮೂರು ಸಲ ಹಾಯಬೇಕು. ಮೂರೂ ಗೆರೆಗಳು ಒಂದರ ಮೇಲೊಂದು ಕೂರಬೇಕು. ಇದರ ಮೇಲೆ ತಿರುವು, ಕುಣಿಕೆಗಳು ಸೇರಿ ಹತ್ತಾರು ಕಡ್ಡಾಯ ಆಕೃತಿಗಳಿದ್ದವು. ಸ್ಪರ್ಧಿ ಬದಿಗೆ ಸರಿದ ಮೇಲೆ ತೀರ್ಪುಗಾರರು ಮಂಜಿನ ಮೇಲೆ ನಡೆದು ಬಂದು, ಬಗ್ಗಿ, ಕೆಲವೊಮ್ಮೆ ಮಂಡಿಯೂರಿ ಆ ಗೆರೆಗಳನ್ನು ಪರೀಕ್ಷಿಸುತ್ತಿದ್ದರು.

ಸಾಗರ, ಸೊರಬದ ಕಡೆ ದೀವರ ಹೆಂಗಸರು ಪುಂಡಿ ನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿಯೂ ಬಣ್ಣಕ್ಕಿಂತ ಮೊದಲು ಕಣ್ಣು ಹೋಗುವುದು ಎಳೆಯ ನೇರ್ಪಿನ ಮೇಲೆ: ಗೆರೆ ಎಲ್ಲಿ ದಪ್ಪವಾಯಿತು, ಎಲ್ಲಿ ಕೈ ನಡುಗಿತು ಎಂಬುದರ ಮೇಲೆ. ಮಳೆಗಾಲದಲ್ಲಿ ಬಯಲಿನ ಅಂಕಣ ಒದ್ದೆಯಾದಾಗ ನಾನು ನನ್ನ ರೋಲರ್ ವಿದ್ಯಾರ್ಥಿಗಳನ್ನು ಸಭಾಂಗಣದೊಳಗೆ ಕರೆದೊಯ್ದು, ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ವೃತ್ತ ಬರೆದು ಅದರ ಮೇಲೆ ಓಡಿಸುತ್ತೇನೆ. ವೃತ್ತದುದ್ದಕ್ಕೂ ಚೆನ್ನಾಗಿ ಬಂದ ಮಗು, ಎರಡು ವೃತ್ತಗಳು ಕೂಡುವ ಜಾಗದಲ್ಲಿ ಕಾಲು ಬದಲಿಸುವಾಗ ಮಾತ್ರ ಒಂದು ಗೇಣು ಹೊರಗೆ ಜಾರಿಬಿಡುತ್ತದೆ. ಮಂಜಿನ ಮೇಲಿನ ತೀರ್ಪುಗಾರರು ಬಗ್ಗಿ ನೋಡುತ್ತಿದ್ದುದೂ ಆ ಕೂಡುವ ಜಾಗವನ್ನೇ.

ಬಹಳ ಕಾಲ ಒಟ್ಟು ಅಂಕಗಳಲ್ಲಿ ಶೇ 60ರಷ್ಟು ಈ ಆಕೃತಿಗಳಿಗೇ ಮೀಸಲಾಗಿತ್ತು. ಸಂಗೀತದೊಂದಿಗೆ ನಾವು ಇಂದು ನೋಡುವ ಮುಕ್ತ ಪ್ರದರ್ಶನಕ್ಕೆ ಉಳಿದದ್ದು ಶೇ 40. ಟೆಲಿವಿಷನ್ ಬಂದಾಗ ಈ ಲೆಕ್ಕ ಕೆಟ್ಟಿತು. ಗಂಟೆಗಟ್ಟಲೆ ನಿಶ್ಶಬ್ದವಾಗಿ ವೃತ್ತ ಎಳೆಯುವುದನ್ನು ಯಾರೂ ಪ್ರಸಾರ ಮಾಡುತ್ತಿರಲಿಲ್ಲ. ಆಸ್ಟ್ರಿಯಾದ ಟ್ರಿಕ್ಸಿ ಶೂಬಾ ಆಕೃತಿಗಳಲ್ಲಿ ಸಾಟಿಯಿಲ್ಲದವರು. 1971 ಮತ್ತು 1972ರ ವಿಶ್ವ ಪ್ರಶಸ್ತಿ ಅವರದು. ಆದರೆ 1972ರ ಸಪ್ಪೊರೊ ಒಲಿಂಪಿಕ್ಸ್‌ನ ಮುಕ್ತ ಪ್ರದರ್ಶನದಲ್ಲಿ ಅವರು ಏಳನೆಯವರಾಗಿಯೂ ಚಿನ್ನ ಪಡೆದಾಗ, ಆಕೃತಿಗಳ ಸುತ್ತನ್ನು ನೋಡಿಯೇ ಇರದ ಪ್ರೇಕ್ಷಕರಿಗೆ ದಿಕ್ಕೇ ತೋಚಲಿಲ್ಲ. ಮರುವರ್ಷವೇ ‘ಕಿರು ಪ್ರದರ್ಶನ’ ಎಂಬ ಹೊಸ ಸುತ್ತನ್ನು ಸೇರಿಸಿ ಆಕೃತಿಗಳ ಪಾಲನ್ನು ತಗ್ಗಿಸಿದರು. ಹಾಗೆ ತಗ್ಗುತ್ತಾ ತಗ್ಗುತ್ತಾ, 1990ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಯುಗೊಸ್ಲಾವಿಯಾದ ಝೆಲ್ಕಾ ಚಿಜ್ಮೆಶಿಯಾ ಎಳೆದ ಗೆರೆಯೊಂದಿಗೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಡ್ಡಾಯ ಆಕೃತಿಗಳು ಮುಗಿದವು. ಹೆಸರು ಮಾತ್ರ ಉಳಿಯಿತು.

ಆಕೃತಿಗಳನ್ನು ಕೈಬಿಟ್ಟದ್ದು ಕ್ರೀಡೆಗೆ ನಷ್ಟವೇ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಜಿಗಿತಗಳಲ್ಲಿನ ಸಾಧನೆಯನ್ನು ಕಡಿಮೆ ಮಾಡಲಾಗದು. ಮಂಜಿನ ಗೆರೆಯಲ್ಲಿದ್ದ ಗಮನ ಗಾಳಿಯೊಳಗಿನ ಸುತ್ತುಗಳಿಗೆ ಹೊರಳಿದ್ದು ಇದೇ ಚಾಂಪಿಯನ್‌ಷಿಪ್‌ನ ಕಣಗಳಲ್ಲಿ. 1962ರಲ್ಲಿ ಪ್ರಾಗ್‌ನಲ್ಲಿ ಕೆನಡಾದ ಡೊನಾಲ್ಡ್ ಜಾಕ್ಸನ್ ಮೂರು ಸುತ್ತಿನ ಲುಟ್ಜ್ ಜಿಗಿದರು. 1978ರಲ್ಲಿ ಒಟ್ಟಾವಾದಲ್ಲಿ ವರ್ನ್ ಟೇಲರ್ ಮೂರು ಸುತ್ತಿನ ಆಕ್ಸೆಲ್ ಮಾಡಿದರು. ಆಕ್ಸೆಲ್ ಒಂದನ್ನೇ ಮುಖ ಮುಂದಕ್ಕಿಟ್ಟು ಜಿಗಿಯುವುದರಿಂದ ಅದರಲ್ಲಿ ಅರ್ಧ ಸುತ್ತು ಹೆಚ್ಚು. 1988ರಲ್ಲಿ ಬುಡಾಪೆಸ್ಟ್‌ನಲ್ಲಿ ಕರ್ಟ್ ಬ್ರೌನಿಂಗ್ ನಾಲ್ಕು ಸುತ್ತಿನ ಜಿಗಿತವನ್ನು ಅಧಿಕೃತಗೊಳಿಸಿದರು. 1989ರಲ್ಲಿ ಪ್ಯಾರಿಸ್‌ನಲ್ಲಿ ಜಪಾನಿನ ಮಿಡೊರಿ ಇಟೊ, ಮಹಿಳೆಯರ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಏಷ್ಯಾದವರಾದರು. ಅಮೆರಿಕದ ಇಲಿಯಾ ಮಲಿನಿನ್ 2024ರಲ್ಲಿ ಮಾಂಟ್ರಿಯಲ್‌ನಲ್ಲಿ ಗೆದ್ದಾಗ, ಗಾಳಿಯಲ್ಲಿ ನಾಲ್ಕೂವರೆ ಸುತ್ತು ಬೇಡುವ ಆಕ್ಸೆಲ್ ಸಹ ಆ ಪ್ರದರ್ಶನದೊಳಗಿತ್ತು.

ಪ್ರಶ್ನೆ: ಮೊದಲು ಹೆಂಗಸರೂ ಗಂಡಸರೊಡನೆ ಒಂದೇ ಕಣದಲ್ಲಿ ಸ್ಪರ್ಧಿಸುತ್ತಿದ್ದರು ಎಂದು ಓದಿದ್ದೇನೆ. ನಿಜವೇ?
– ಕಾಲೇಜು ವಿದ್ಯಾರ್ಥಿನಿ, ಸಾಗರ

ಉತ್ತರ: ಸ್ಪರ್ಧಿಸಿದವರು ಒಬ್ಬರೇ, ಅದೂ ಒಂದೇ ಸಲ. 1902ರಲ್ಲಿ ಲಂಡನ್‌ನಲ್ಲಿ ಚಾಂಪಿಯನ್‌ಷಿಪ್ ನಡೆದಾಗ ಇಂಗ್ಲೆಂಡಿನ ಮ್ಯಾಜ್ ಸೈಯರ್ಸ್ ತಮ್ಮ ಹೆಸರು ಕೊಟ್ಟರು. ಹೆಂಗಸರು ಬರಬಾರದೆಂದು ನಿಯಮಗಳಲ್ಲಿ ಎಲ್ಲಿಯೂ ಬರೆದಿರಲಿಲ್ಲ; ಬರೆಯಬೇಕಾಗಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ತಡೆಯಲು ಆಧಾರವಿಲ್ಲದೆ ಸಂಘಟಕರು ಅವಕಾಶ ಕೊಟ್ಟರು. ಸೈಯರ್ಸ್ ಎರಡನೆಯವರಾಗಿ ನಿಂತರು. ಅವರಿಗಿಂತ ಮುಂದೆ ಇದ್ದವರು ಒಟ್ಟು ಹತ್ತು ಸಲ ಈ ಪ್ರಶಸ್ತಿ ಗೆದ್ದ ಸ್ವೀಡನ್ನಿನ ಉಲ್ರಿಕ್ ಸಾಲ್ಖೊವ್ ಒಬ್ಬರೇ.

ಮುಂದಿನ ವರ್ಷ ಒಕ್ಕೂಟದ ಅಧಿವೇಶನ ಹೆಂಗಸರಿಗೆ ಬಾಗಿಲು ಹಾಕಿತು. ಅಲ್ಲಿ ಕೊಟ್ಟ ಕಾರಣಗಳನ್ನು ಗಮನಿಸಿ: ಉದ್ದ ಲಂಗದಿಂದ ಪಾದ ಕಾಣುವುದಿಲ್ಲ, ತೀರ್ಪುಗಾರನು ತಾನು ಒಲಿದ ಹುಡುಗಿಗೇ ಅಂಕ ಕೊಟ್ಟಾನು, ಹೆಂಗಸರನ್ನು ಗಂಡಸರೊಡನೆ ಹೋಲಿಸುವುದು ಕಷ್ಟ. ಕೊನೆಯ ಕಾರಣ ನನಗೆ ಇಂದಿಗೂ ನೋವುಂಟುಮಾಡುತ್ತದೆ, ಏಕೆಂದರೆ ಹೋಲಿಸಿ ನೋಡಿಯೇ ಅವರಿಗೆ ಎರಡನೆಯ ಸ್ಥಾನ ಕೊಟ್ಟಿದ್ದರು. ಸೈಯರ್ಸ್ ಲಂಗವನ್ನು ಮೊಣಕಾಲಿನ ಕೆಳಗಿನವರೆಗೆ ಮೊಟಕು ಮಾಡಿಕೊಂಡರು. ತಮ್ಮ ದೇಶದ ಚಾಂಪಿಯನ್‌ಷಿಪ್‌ನಲ್ಲಿ ಗಂಡಸರೊಡನೆ ಸ್ಪರ್ಧಿಸಿ ಗೆದ್ದರು. 1904ರಲ್ಲಿ ಅಲ್ಲಿ ಅವರು ಹಿಂದಿಕ್ಕಿದವರಲ್ಲಿ ಅವರ ಪತಿ ಎಡ್ಗರ್ ಕೂಡ ಇದ್ದರು. 1906ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಮಹಿಳೆಯರಿಗೆ ಪ್ರತ್ಯೇಕ ಸ್ಪರ್ಧೆ ಏರ್ಪಾಟಾಯಿತು. ಆ ವರ್ಷವೂ ಮುಂದಿನ ವರ್ಷವೂ ಸೈಯರ್ಸ್ ಅವರೇ ಗೆದ್ದರು.

ಜೋಡಿ ಸ್ಪರ್ಧೆ 1908ರಲ್ಲಿ, ಐಸ್ ಡ್ಯಾನ್ಸ್ 1952ರಲ್ಲಿ ಸೇರಿಕೊಂಡವು.

ಪ್ರಶ್ನೆ: ಓಟದಲ್ಲಿ ಗಡಿಯಾರ ತೀರ್ಪು ಹೇಳುತ್ತದೆ. ಇಲ್ಲಿ ಮನುಷ್ಯರು ಅಂಕ ಕೊಡುವುದರಿಂದ ಪಕ್ಷಪಾತಕ್ಕೆ ದಾರಿಯಾಗುವುದಿಲ್ಲವೇ?
– ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಆಗಿದೆ. ಆದಾಗಲೆಲ್ಲ ನಿಯಮ ಬದಲಾಗಿದೆ. 1927ರ ಮಹಿಳಾ ಚಾಂಪಿಯನ್‌ಷಿಪ್ ನಾರ್ವೆಯ ಓಸ್ಲೊದಲ್ಲಿ ನಡೆಯಿತು. ಐವರು ತೀರ್ಪುಗಾರರಲ್ಲಿ ಮೂವರು ನಾರ್ವೆಯವರು. ಆ ಮೂವರೂ ತಮ್ಮ ದೇಶದ ಹದಿನಾಲ್ಕರ ಹುಡುಗಿ ಸೋನ್ಯಾ ಹೆನಿಯನ್ನು ಮೊದಲ ಸ್ಥಾನದಲ್ಲಿಟ್ಟರು. ಆಸ್ಟ್ರಿಯಾ ಮತ್ತು ಜರ್ಮನಿಯ ತೀರ್ಪುಗಾರರು, ಅದಕ್ಕೆ ಮೊದಲು ಸತತ ಐದು ಸಲ ಗೆದ್ದಿದ್ದ ಹರ್ಮಾ ಸಾಬೊ ಅವರನ್ನು. ಹೆನಿ ಗೆದ್ದರು. ಗದ್ದಲವೆದ್ದ ಮೇಲೆ ಒಂದು ಸ್ಪರ್ಧೆಗೆ ಒಂದು ದೇಶದಿಂದ ಒಬ್ಬರೇ ತೀರ್ಪುಗಾರರು ಎಂಬ ನಿಯಮ ಬಂತು. ಆದರೂ ನ್ಯಾಯವಾಗಿ ಹೇಳಬೇಕಾದ ಮಾತೆಂದರೆ, ಹೊಸ ನಿಯಮದಡಿಯಲ್ಲಿಯೂ ಹೆನಿ 1936ರವರೆಗೆ ಒಮ್ಮೆಯೂ ಸೋಲದೆ, ಮೊದಲಿನದೂ ಸೇರಿ ಒಟ್ಟು ಹತ್ತು ವಿಶ್ವ ಪ್ರಶಸ್ತಿ ಪಡೆದರು.

ಎರಡನೆಯ ದೊಡ್ಡ ಬದಲಾವಣೆಗೆ ಕಾರಣವಾದದ್ದು 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ಸ್ಪರ್ಧೆ. ತೀರ್ಪಿನ ವಿವಾದದಿಂದ ಅಲ್ಲಿ ಕೆನಡಾದ ಜೋಡಿಗೂ ಚಿನ್ನ ಕೊಡಬೇಕಾಯಿತು. ಆವರೆಗೆ 6.0 ಎಂಬುದು ಪರಿಪೂರ್ಣ ಅಂಕವಾಗಿತ್ತು. 2005ರ ಮಾಸ್ಕೊ ವಿಶ್ವ ಚಾಂಪಿಯನ್‌ಷಿಪ್‌ನಿಂದ ಪದ್ಧತಿಯೇ ಬೇರೆ. ಪ್ರತಿ ಜಿಗಿತಕ್ಕೂ ಪ್ರತಿ ಗಿರಕಿಗೂ ಮೊದಲೇ ನಿಗದಿಯಾದ ಮೂಲ ಅಂಕವಿದೆ. ಆದದ್ದು ಯಾವ ಜಿಗಿತ, ಸುತ್ತು ಪೂರ್ತಿಯಾಯಿತೇ ಎಂಬುದನ್ನು ತಾಂತ್ರಿಕ ಮಂಡಳಿ ವಿಡಿಯೊ ನಿಧಾನವಾಗಿ ನೋಡಿ ನಿರ್ಧರಿಸುತ್ತದೆ. ತೀರ್ಪುಗಾರರು ಅದರ ಗುಣಮಟ್ಟಕ್ಕೆ ಈಗ ಋಣ 5ರಿಂದ ಧನ 5ರವರೆಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ತೆಗೆದು ಉಳಿದವುಗಳ ಸರಾಸರಿ ಹಿಡಿಯುತ್ತಾರೆ. ಪಕ್ಷಪಾತ ಇದರಿಂದ ಪೂರ್ತಿ ಅಳಿಯಿತೆಂದು ನಾನು ಹೇಳಲಾರೆ. ಆದರೆ ಯಾವ ಜಿಗಿತಕ್ಕೆ ಎಷ್ಟು ಸಿಕ್ಕಿತು ಎಂಬ ಪಟ್ಟಿ ಈಗ ಸೋತವರ ಕೈಗೂ ಸಿಗುತ್ತದೆ.

ಪ್ರಶ್ನೆ: ಈ ಸ್ಪರ್ಧೆ ಪ್ರತಿವರ್ಷ ತಪ್ಪದೆ ನಡೆದಿದೆಯೇ? ನಮ್ಮ ಮಕ್ಕಳು ಅಲ್ಲಿಗೆ ಹೋಗಬಹುದೇ?
– ಓದುಗರು, ಕೊಪ್ಪ

ಉತ್ತರ: ಮೊದಲ ಮಹಾಯುದ್ಧದಿಂದಾಗಿ 1915ರಿಂದ 1921ರವರೆಗೆ, ಎರಡನೆಯದರಿಂದ 1940ರಿಂದ 1946ರವರೆಗೆ ನಡೆಯಲಿಲ್ಲ. 2020ರಲ್ಲಿ ಕೋವಿಡ್‌ನಿಂದ ಮಾಂಟ್ರಿಯಲ್ ಕೂಟ ರದ್ದಾಯಿತು. 2011ರಲ್ಲಿ ಟೋಕಿಯೊದಲ್ಲಿ ಆಗಬೇಕಿದ್ದದ್ದು ಭೂಕಂಪ ಮತ್ತು ಸುನಾಮಿಯ ಕಾರಣ ಮಾಸ್ಕೊಗೆ ಹೋಯಿತು. ಇವೆಲ್ಲಕ್ಕಿಂತ ಎದೆ ಕಲಕುವುದು 1961. ಪ್ರಾಗ್‌ನ ಚಾಂಪಿಯನ್‌ಷಿಪ್‌ಗೆ ಹೊರಟಿದ್ದ ಅಮೆರಿಕದ ತಂಡವಿದ್ದ ವಿಮಾನ ಫೆಬ್ರವರಿ 15ರಂದು ಬ್ರಸೆಲ್ಸ್ ಬಳಿ ನೆಲಕ್ಕಪ್ಪಳಿಸಿತು. ತಂಡದ ಹದಿನೆಂಟೂ ಸ್ಕೇಟರ್‌ಗಳು ಸತ್ತರು. ಅವರೊಡನೆ ತರಬೇತುದಾರರು, ಅಧಿಕಾರಿಗಳು, ಮನೆಯವರು. ಆ ವರ್ಷ ಸ್ಪರ್ಧೆ ನಡೆಸಲಿಲ್ಲ. ಮರುವರ್ಷ ಅದೇ ಪ್ರಾಗ್‌ನಲ್ಲಿ ನಡೆಯಿತು.

ಬಯಲಿನಲ್ಲಿ ನಡೆದ ಕೊನೆಯ ವಿಶ್ವ ಚಾಂಪಿಯನ್‌ಷಿಪ್ 1967ರ ವಿಯೆನ್ನಾದ್ದು. ಮಳೆ ಬಿದ್ದು ಅಂಕಣ ಕೆಡುವುದೆಂದರೇನೆಂದು ಆಗುಂಬೆಯ ಮಗ್ಗುಲಿನ ನಿಮಗೆ ನಾನು ಹೇಳಬೇಕಿಲ್ಲ. ಆಮೇಲಿನವೆಲ್ಲ ಸೂರಿನಡಿಯಲ್ಲೇ ನಡೆದಿವೆ.

ಇನ್ನು ನಮ್ಮ ಮಕ್ಕಳ ಮಾತು. ಒಂದು ದೇಶದಿಂದ ಒಂದು ವಿಭಾಗಕ್ಕೆ ಹೆಚ್ಚೆಂದರೆ ಮೂವರು. ಅದಕ್ಕೂ ಮೊದಲು ಒಕ್ಕೂಟ ನಿಗದಿಪಡಿಸಿದ ಕನಿಷ್ಠ ತಾಂತ್ರಿಕ ಅಂಕವನ್ನು ಬೇರೆ ಅಂತರರಾಷ್ಟ್ರೀಯ ಕೂಟಗಳಲ್ಲಿ ಗಳಿಸಿರಬೇಕು. ಹಿರಿಯರ ವಿಭಾಗಕ್ಕೆ ಕನಿಷ್ಠ ವಯಸ್ಸನ್ನು ಈಗ 17ಕ್ಕೆ ಏರಿಸಿದ್ದಾರೆ, ಹಾಗಾಗಿ ಎಳೆಯ ಮಕ್ಕಳನ್ನು ಅವಸರಪಡಿಸುವ ಅಗತ್ಯವಿಲ್ಲ. ಮಲೆನಾಡಿನಲ್ಲಿ ಮಂಜಿನ ಅಂಕಣವಿಲ್ಲ. ನಮ್ಮ ದೇಶದಲ್ಲಿ ಶಿಮ್ಲಾದಲ್ಲಿ 1920ರಿಂದ ಸಹಜ ಮಂಜಿನ ಅಂಕಣವಿದೆ, ಡೆಹ್ರಾಡೂನ್‌ನಲ್ಲಿ ಕೃತಕ ಮಂಜಿನ ಅಂಕಣವನ್ನು ಕಟ್ಟಿದ್ದಾರೆ. ಇಲ್ಲಿ ಇದ್ದುಕೊಂಡೇ ಆರಂಭಿಸುವವರು ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್ ಹಿಡಿಯಲಿ: ಆಕ್ಸೆಲ್, ಲುಟ್ಜ್, ಸಾಲ್ಖೊವ್ ಎಂಬ ಅದೇ ಜಿಗಿತಗಳು ಅದೇ ಹೆಸರಿನಲ್ಲಿ ಅಲ್ಲಿಯೂ ಇವೆ. ನೆಲದ ಮೇಲೆ ಬರೆದ ವೃತ್ತಗಳ ಮೇಲೆ ಆಕೃತಿ ಹಾಯುವ ಅಭ್ಯಾಸವೂ ಆ ಪರಂಪರೆಯಲ್ಲಿ ಇದೆ. ವಿನೋಬನಗರದ ಆ ತಾಯಿ ಮಗಳಿಗೆ ‘ಫಿಗರ್’ ಏನೆಂದು ತೋರಿಸಲು ಒಂದು ಸೀಮೆಸುಣ್ಣ, ಎರಡು ಮಾರು ದಾರ ಸಾಕು. ವೃತ್ತದ ಅಡ್ಡಳತೆ ಮಗುವಿನ ಎತ್ತರದ ಸುಮಾರು ಮೂರು ಪಟ್ಟು ಇರಲಿ.