ಗೆದ್ದವರ ಡೆಕ್ ಇಟ್ಟುಕೊಂಡೂ ಸೋಲುತ್ತಿದ್ದೇನೆ, ಯಾವ ಕಾರ್ಡ್ ತೆಗೆಯಬೇಕು?

ನೀವು ಕೇಳಿರುವುದು ಇಷ್ಟು: ಪೋಕೆಮಾನ್ ಕಾರ್ಡ್ ಆಟದಲ್ಲಿ ದೊಡ್ಡ ಟೂರ್ನಮೆಂಟ್ ಗೆದ್ದವರ ಪಟ್ಟಿಯನ್ನು ನೋಡಿ, ಅದೇ 60 ಕಾರ್ಡ್ ಜೋಡಿಸಿಕೊಂಡಿದ್ದೀರಿ. ಆದರೂ ನಿಮ್ಮ ಊರಿನ ಚಿಕ್ಕ ಪಂದ್ಯಗಳಲ್ಲೇ ಸೋಲುತ್ತಿದ್ದೀರಿ. ಯಾವುದನ್ನು ತೆಗೆದು ಯಾವುದನ್ನು ಹಾಕಬೇಕು ಅಂತ ಗೊತ್ತಾಗುವುದು ಹೇಗೆ?

ಸೋತ ಪ್ರತಿ ಆಟದ ಕೊನೆಯಲ್ಲಿ ನಿಮ್ಮ ಕೈಯಲ್ಲಿ ಯಾವ ಕಾರ್ಡ್ ಉಳಿದಿತ್ತು ಅಂತ ಬರೆದಿಡಿ. ನಾನು ಡೆಕ್ ತಿದ್ದುವುದನ್ನು ಕಲಿತಿದ್ದು ಇದರಿಂದಲೇ. ಬೇರೆ ಎಲ್ಲಾ ಇದಾದ ಮೇಲೆ.

ಇದನ್ನು ನನಗೆ ಹೇಳಿಕೊಟ್ಟವರು ಪೋಕೆಮಾನ್ ಆಡುವವರಲ್ಲ, ನಮ್ಮ ಸೋದರಮಾವ. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಅವರ ಮನೆ. ಭಾನುವಾರ ಊಟ ಆದ ಮೇಲೆ ಅಕ್ಕಪಕ್ಕದ ನಾಲ್ಕು ಜನ ಸೇರಿ ಜಗಲಿಯ ಮೇಲೆ ರಮ್ಮಿ ಆಡುತ್ತಾರೆ. ದುಡ್ಡಿಲ್ಲ, ಹುಣಸೆ ಬೀಜ. ನಾನು ಪಕ್ಕದಲ್ಲಿ ಕೂತು ಗೆಲುವು ಸೋಲು ಅಂತ ಎರಡು ಸಾಲು ಮಾಡಿ ನನ್ನ ಹಿಂದಿನ ದಿನದ ಆಟಗಳ ಲೆಕ್ಕ ಬರೆಯುತ್ತಿದ್ದೆ. ಮಾವ ಇಣುಕಿ ನೋಡಿ ಹೇಳಿದರು: "ಯಾರು ಗೆದ್ರು ಅಂತ ಬರಕೊಂಡ್ರೆ ಏನು ಸಿಗುತ್ತೋ? ಕೈಲಿ ಏನು ಉಳೀತು, ಅದನ್ನ ಬರಕೋ." ರಮ್ಮಿಯಲ್ಲಿ ಲೆಕ್ಕ ಇರುವುದೇ ಹಾಗೆ ಅಲ್ವಾ? ಒಬ್ಬರು ಶೋ ಕೊಟ್ಟ ಕೂಡಲೇ ಉಳಿದವರ ಕೈಲಿ ಸೇರದೆ ನಿಂತ ಎಲೆಗಳಿಗೆ ಪಾಯಿಂಟು ಬೀಳುತ್ತದೆ. ರಾಜ, ರಾಣಿ, ಗುಲಾಮ ಉಳಿದರೆ ತಲಾ 10. ಸೋಲು ಎಷ್ಟು ದೊಡ್ಡದು ಅನ್ನುವುದನ್ನು ಕೈಲಿ ಉಳಿದ ಎಲೆ ಹೇಳುತ್ತದೆ.

ಅವತ್ತಿನಿಂದ ನನ್ನ ಚಿಕ್ಕ ಪುಸ್ತಕದಲ್ಲಿ ಒಂದು ಆಟಕ್ಕೆ ಒಂದೇ ಸಾಲು. ಎದುರಾಳಿಯ ಡೆಕ್ ಯಾವುದು, ಮೊದಲು ಆಡಿದ್ದು ಯಾರು, ಎಷ್ಟನೇ ಸರದಿಯಲ್ಲಿ ಕೆಲಸ ಕೆಟ್ಟಿತು, ಆಗ ಕೈಯಲ್ಲಿ ಏನಿತ್ತು. ಅಷ್ಟೇ.

ನಾನು ಕಲಿತಿದ್ದು ಚಾರಿಜಾರ್ಡ್ ಎಕ್ಸ್ ಡೆಕ್ ಮೇಲೆ. 2023ರ ಆಬ್ಸಿಡಿಯನ್ ಫ್ಲೇಮ್ಸ್ ಸೆಟ್‌ನಲ್ಲಿ ಬಂದ, 330 ಎಚ್‌ಪಿ (ಎಷ್ಟು ಏಟು ತಡೆಯುತ್ತದೆ ಅನ್ನುವ ಲೆಕ್ಕ) ಇರುವ ಚಾರಿಜಾರ್ಡ್. ಹಾಗಾಗಿ ಉದಾಹರಣೆಗಳೆಲ್ಲ ಅದರದ್ದೇ. ನಿಮ್ಮ ಡೆಕ್ ಬೇರೆ ಇದ್ದರೂ ತಿದ್ದುವ ದಾರಿ ಇದೇ.

ಮೊದಲ 20 ಆಟದಲ್ಲಿ ನಾನು ಗೆದ್ದಿದ್ದು 8, ಸೋತಿದ್ದು 12. ಆ 12ರಲ್ಲಿ 7 ಆಟದಲ್ಲಿ ಚಾರಿಜಾರ್ಡ್ ಎಕ್ಸ್ ಕೈಯಲ್ಲೇ ಕೂತಿತ್ತು. ಪುಸ್ತಕ ಇಲ್ಲದಿದ್ದರೆ ನಾನು ಏನು ಮಾಡುತ್ತಿದ್ದೆ ಗೊತ್ತಾ? ಚಾರಿಜಾರ್ಡ್ ಜಾಸ್ತಿ ಆಯಿತು, ಒಂದು ತೆಗೆಯೋಣ ಅನ್ನುತ್ತಿದ್ದೆ. ಆದರೆ ಅದೇ ಸಾಲುಗಳನ್ನು ಮತ್ತೆ ಓದಿದಾಗ, ಆ 7ರಲ್ಲಿ 5 ಸಲ ರೇರ್ ಕ್ಯಾಂಡಿಯೂ ಕೈಯಲ್ಲೇ ಇತ್ತು. ಮೇಜಿನ ಮೇಲಿನ ಚಾರ್‌ಮ್ಯಾಂಡರ್ ಮೊದಲು ಚಾರ್‌ಮಿಲಿಯನ್ ಆಗಿ, ಆಮೇಲೆ ಚಾರಿಜಾರ್ಡ್ ಆಗಬೇಕು. ರೇರ್ ಕ್ಯಾಂಡಿ ಇದ್ದರೆ ಚಾರ್‌ಮ್ಯಾಂಡರ್‌ನಿಂದ ನಡುವಿನ ಚಾರ್‌ಮಿಲಿಯನ್ ಬಿಟ್ಟು ನೇರವಾಗಿ ಚಾರಿಜಾರ್ಡ್‌ಗೆ ಹಾರಬಹುದು. ಮೇಲಿನದು ಇದೆ, ಏಣಿ ಇದೆ, ಆದರೂ ಹತ್ತಲು ಆಗಿಲ್ಲ. ಯಾಕೆ? ಮೇಜಿನ ಮೇಲೆ ಚಾರ್‌ಮ್ಯಾಂಡರ್ ಇರಲಿಲ್ಲ. ಅಥವಾ ಅದೇ ಸರದಿಯಲ್ಲಿ ಇಳಿಸಿದ್ದೆ, ಇಳಿಸಿದ ಸರದಿಯಲ್ಲೇ ಅದರ ಮೇಲೆ ಕ್ಯಾಂಡಿ ಬಳಸುವ ಹಾಗಿಲ್ಲ.

ಅಂದರೆ ಎರಡನೇ ಸರದಿಯಲ್ಲಿ ಕಂಡ ತಪ್ಪು ಆಗಿದ್ದು ಮೊದಲನೇ ಸರದಿಯಲ್ಲಿ. ಈ ವಿಷಯವನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕೈಯಲ್ಲಿ ಉಳಿದ ಕಾರ್ಡೇ ತಪ್ಪು ಮಾಡಿದ್ದು ಅಂತ ಅಲ್ಲ. ಅದು ಯಾವುದಕ್ಕೆ ಕಾಯುತ್ತಾ ಕೂತಿತ್ತು ಅಂತ ಕೇಳಿ. ಕಾಯುತ್ತಿದ್ದ ಕಾರ್ಡನ್ನು ತೆಗೆದರೆ ಡೆಕ್ ಇನ್ನೂ ಕೆಡುತ್ತದೆ.

ನನ್ನ ಡೆಕ್‌ನಲ್ಲಿ ಬಡ್ಡಿ-ಬಡ್ಡಿ ಪಾಫಿನ್ 2 ಇದ್ದವು. 70 ಅಥವಾ ಅದಕ್ಕಿಂತ ಕಡಿಮೆ ಎಚ್‌ಪಿ ಇರುವ ಎರಡು ಬೇಸಿಕ್ (ವಿಕಾಸದ ಮೊದಲ ಮೆಟ್ಟಿಲಿನ) ಪೋಕೆಮಾನ್‌ಗಳನ್ನು ಡೆಕ್‌ನಿಂದ ನೇರವಾಗಿ ಬೆಂಚಿಗೆ (ಮುಂದೆ ನಿಂತು ಆಡುವ ಪೋಕೆಮಾನ್ ಹಿಂದಿನ ಸಾಲಿಗೆ) ತರುವ ಕಾರ್ಡ್ ಅದು. ಚಾರ್‌ಮ್ಯಾಂಡರ್‌, ಪಿಜ್ಜಿ (ಮುಂದೆ ಪಿಜಿಯಾಟ್ ಆಗುವ ಪೋಕೆಮಾನ್) ಎರಡೂ ಅದಕ್ಕೆ ಸಿಗುತ್ತವೆ. ಅದನ್ನು 4 ಮಾಡಿದೆ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಶುರುವಿನ 7 ಕಾರ್ಡ್‌ಗಳಲ್ಲಿ ಒಂದಾದರೂ ಸಿಗುವ ಸಾಧ್ಯತೆ, ಡೆಕ್‌ನಲ್ಲಿ ಒಂದೇ ಇದ್ದರೆ ಸುಮಾರು ಶೇ. 12. ಎರಡಿದ್ದರೆ ಶೇ. 22. ಮೂರಿದ್ದರೆ ಶೇ. 31ರಿಂದ 32. ನಾಲ್ಕಿದ್ದರೆ ಶೇ. 40. ನಾಲ್ಕು ಇಟ್ಟರೂ ಐದು ಆಟದಲ್ಲಿ ಮೂರು ಸಲ ಮೊದಲ ಕೈಯಲ್ಲಿ ಅದು ಬರುವುದಿಲ್ಲ! ಈ ಲೆಕ್ಕ ಮಾಡಿ ನೋಡುವ ತನಕ ನಾನು ನಾಲ್ಕು ಅಂದರೆ ಯಾವಾಗಲೂ ಸಿಗುತ್ತದೆ ಅಂದುಕೊಂಡಿದ್ದೆ. ಹಾಗಾಗಿ ಮೊದಲ ಸರದಿಯಲ್ಲಿ ಬೇಕೇ ಬೇಕಾದ ಕೆಲಸಕ್ಕೆ ನಾಲ್ಕು ಪಾಫಿನ್ ಸಾಲದು, ಅದೇ ಕೆಲಸ ಮಾಡುವ ಇನ್ನೂ ಕೆಲವು ಕಾರ್ಡ್ ಜೊತೆಗೆ ಬೇಕು. ಡೆಕ್‌ನಿಂದ ಒಂದು ಬೇಸಿಕ್ ಪೋಕೆಮಾನ್ ಅನ್ನು ಬೆಂಚಿಗೆ ತರುವ ನೆಸ್ಟ್ ಬಾಲ್ ಇರುವುದು ಅದಕ್ಕೇ.

ಬೇಸಿಕ್ ಪೋಕೆಮಾನ್ ಎಷ್ಟಿರಬೇಕು ಅನ್ನುವುದಕ್ಕೂ ಇದೇ ಲೆಕ್ಕ. 8 ಇದ್ದರೆ ಮೊದಲ 7ರಲ್ಲಿ ಒಂದೂ ಬಾರದೆ ಇರುವ ಸಾಧ್ಯತೆ ಸುಮಾರು ಶೇ. 35. 10 ಇದ್ದರೆ 26. 12 ಇದ್ದರೆ 19. ಒಂದೂ ಬರದಿದ್ದರೆ ಕೈ ತೋರಿಸಿ, ಮತ್ತೆ ಕಲಸಿ, ಹೊಸದಾಗಿ ತೆಗೆಯಬೇಕು. ಪ್ರತಿ ಸಲಕ್ಕೂ ಎದುರಾಳಿ ಒಂದು ಕಾರ್ಡ್ ಜಾಸ್ತಿ ತೆಗೆದುಕೊಳ್ಳಬಹುದು. ನಿಮ್ಮ ಡೆಕ್ ಯಾವುದು ಅಂತ ಅವರಿಗೆ ಮೊದಲೇ ಗೊತ್ತಾಗಿಬಿಡುವುದು ಬೇರೆ.

ಎರಡು ಹಾಕಿದ ಮೇಲೆ ಎರಡು ತೆಗೆಯಬೇಕಲ್ಲ. ನಿಜವಾಗಿ ಕಷ್ಟ ಇರುವುದು ಇಲ್ಲಿ. ನಾನು ತೆಗೆದ ಮೊದಲನೆಯದು ಒಂದು ಫೈರ್ ಎನರ್ಜಿ (ದಾಳಿ ಮಾಡಲು ಪೋಕೆಮಾನ್‌ಗೆ ಅಂಟಿಸುವ ಕಾರ್ಡ್), 7ರಿಂದ 6ಕ್ಕೆ. ಚಾರಿಜಾರ್ಡ್ ಎಕ್ಸ್ ವಿಕಾಸ ಆದ ಕೂಡಲೇ ಇನ್ಫರ್ನಲ್ ರೇನ್ ಅನ್ನುವ ಶಕ್ತಿಯಿಂದ ಮೂರು ಫೈರ್ ಎನರ್ಜಿ ತಂದು ಅಂಟಿಸಬಹುದು. ಆದರೆ ಅವು ಡೆಕ್‌ನಿಂದ ಬರಬೇಕು, ಕೈಯಲ್ಲಿರುವುದು ಲೆಕ್ಕಕ್ಕಿಲ್ಲ. ನನ್ನ ಪುಸ್ತಕದಲ್ಲಿ "ಎನರ್ಜಿ 2", "ಎನರ್ಜಿ 3" ಅಂತ ಕೈಲಿ ಉಳಿದ ಸಾಲು ತುಂಬಾ ಇದ್ದವು. ದಾಳಿಗೆ ಬೇಕಾಗುವುದೇ ಎರಡು ಎನರ್ಜಿ.

ಎರಡನೆಯದನ್ನು ತೆಗೆಯಲು ಮನಸ್ಸು ಬರಲಿಲ್ಲ. ಈ ಚಾರಿಜಾರ್ಡ್‌ಗೆ ಗ್ರಾಸ್ ಪೋಕೆಮಾನ್‌ಗಳ ಏಟು ಎರಡು ಪಟ್ಟು ಬೀಳುತ್ತದೆ. ಆ ಭಯಕ್ಕೆ ಪಟ್ಟಿಯಲ್ಲಿ ಒಂದು ಕಾರ್ಡ್ ಇತ್ತು. ಗೆದ್ದವರು ಇಟ್ಟಿದ್ದಾರೆ ಅಂದ ಮೇಲೆ ಏನೋ ಇರುತ್ತದೆ ಅಂತ ನಾನೂ ಇಟ್ಟುಕೊಂಡಿದ್ದೆ. ಪುಸ್ತಕ ತೆಗೆದು ಎಣಿಸಿದೆ. 20 ಆಟದಲ್ಲಿ ಗ್ರಾಸ್ ಡೆಕ್ ಎದುರಾಗಿದ್ದು ಒಂದು ಸಲ, ಅವತ್ತೂ ಆ ಕಾರ್ಡ್ ಬರಲಿಲ್ಲ. ಕೊನೆಗೆ ಅದನ್ನೂ ತೆಗೆದೆ. ನಮ್ಮಲ್ಲಿ ಆಡಲು ಸೇರುವವರು ಹತ್ತು ಹನ್ನೆರಡು ಜನ. ಯಾರು ಯಾವ ಡೆಕ್ ತರುತ್ತಾರೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಆದರೆ ಆ ಪಟ್ಟಿ ಬರೆದವರು ಸಾವಿರಾರು ಜನ ಸೇರುವ ಜಾಗಕ್ಕೆ, ಅಲ್ಲಿ ಆ ವಾರ ಎದುರಾಗಬಹುದಾದ ಡೆಕ್‌ಗಳಿಗೆ ಅಂತ ಬರೆದಿದ್ದು. ನೀವು ಗೆದ್ದವರ ಪಟ್ಟಿ ಇಟ್ಟುಕೊಂಡೂ ಸೋಲುತ್ತಿರುವುದಕ್ಕೆ ಒಂದು ಕಾರಣ ಇದೇ ಇರಬಹುದು. ಅವರ ಪಟ್ಟಿಯ 50 ಕಾರ್ಡ್ ಎಲ್ಲ ಕಡೆಯೂ ಸರಿ. ಉಳಿದ ಹತ್ತು ಅವರ ಕೋಣೆಗೆ ಹೊಲಿಸಿದ ಅಂಗಿ. ನಿಮ್ಮ ಅಳತೆಗೆ ನೀವೇ ಹೊಲಿಸಬೇಕು.

ತಿದ್ದುವಾಗ ಒಂದು ಸಲಕ್ಕೆ ಎರಡು ಕಾರ್ಡ್ ಮೀರಬೇಡಿ. ನನಗೆ ಗೊತ್ತಿರುವ ಒಬ್ಬ ಹುಡುಗ ಒಂದು ಸೋಲಿಗೆ ಎಂಟು ಕಾರ್ಡ್ ಬದಲಿಸುತ್ತಾನೆ. ಮುಂದಿನ ವಾರ ಗೆದ್ದರೂ ಎಂಟರಲ್ಲಿ ಯಾವುದು ಗೆಲ್ಲಿಸಿತು ಅಂತ ಅವನಿಗೆ ಗೊತ್ತಾಗುವುದಿಲ್ಲ. ಇನ್ನೊಂದು, ಹತ್ತು ಆಟದ ಗೆಲುವು ಸೋಲು ನೋಡಿ ಡೆಕ್ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ತೀರ್ಮಾನ ಮಾಡಬೇಡಿ. ನೂರಕ್ಕೆ 60 ಆಟ ಗೆಲ್ಲುವ ಒಳ್ಳೆಯ ಡೆಕ್ ಕೂಡ, ಯಾವುದೋ ಹತ್ತು ಆಟದಲ್ಲಿ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಗೆಲ್ಲುವ ಸಾಧ್ಯತೆ ಸುಮಾರು ಶೇ. 17 ಇರುತ್ತದೆ. ಅದೃಷ್ಟದ ಪಾಲು ಅಷ್ಟು ದೊಡ್ಡದು. ಅದಕ್ಕೇ ನಾನು ಗೆಲುವಿಗಿಂತ ಕೈಲಿ ಉಳಿದಿದ್ದನ್ನು ಜಾಸ್ತಿ ನಂಬುತ್ತೇನೆ. ಪಾಫಿನ್ 4 ಮಾಡಿದ ಮೇಲೆ ಮುಂದಿನ 20 ಆಟದಲ್ಲಿ "ಚಾರಿಜಾರ್ಡ್, ಕ್ಯಾಂಡಿ, ಮೇಜು ಖಾಲಿ" ಅನ್ನುವ ಸಾಲು ಬರೆದಿದ್ದು ಒಂದೇ ಸಲ.

ಆಡಲು ಜನ ಸಿಗುವುದಿಲ್ಲ ಅಂದರೆ ಒಬ್ಬರೇ ಕೂತು ಮಾಡುವ ಕೆಲಸವೂ ಇದೆ. ರಾತ್ರಿ ಊಟ ಆದ ಮೇಲೆ ಡೆಕ್ ಕಲಸಿ 7 ತೆಗೆಯಿರಿ, 6 ಪ್ರೈಸ್ ಇಡಿ (ಮಗುಚಿ ಇಡುವ ಕಾರ್ಡ್‌ಗಳು, ಎದುರಾಳಿಯ ಪೋಕೆಮಾನ್ ಸೋಲಿಸಿದಾಗ ತೆಗೆಯುವುದು, ಆರೂ ತೆಗೆದವರು ಗೆದ್ದ ಹಾಗೆ), ಎದುರಾಳಿ ಇಲ್ಲದೆ ಎರಡು ಸರದಿ ಆಡಿ. ಎರಡನೇ ಸರದಿಯ ಕೊನೆಗೆ ಮೇಜಿನ ಮೇಲೆ ನೀವು ಅಂದುಕೊಂಡಿದ್ದು ಇದೆಯಾ? ಹೌದು, ಇಲ್ಲ ಅಂತ ಬರೆದು ಮತ್ತೆ ಕಲಸಿ. 20 ಸಲಕ್ಕೆ ಒಂದು ಗಂಟೆ ಸಾಕು. ಮೊದಲು ಆಡುವವರು ಮೊದಲ ಸರದಿಯಲ್ಲಿ ಸಪೋರ್ಟರ್ ಕಾರ್ಡ್ (ಸರದಿಗೆ ಒಂದೇ ಆಡಬಹುದಾದ ಸಹಾಯದ ಕಾರ್ಡ್) ಆಡುವ ಹಾಗಿಲ್ಲ, ದಾಳಿಯೂ ಇಲ್ಲ. ಹಾಗಾಗಿ ಅರ್ಧ ಮೊದಲು ಆಡುವವರಾಗಿ, ಅರ್ಧ ಎರಡನೆಯವರಾಗಿ ಮಾಡಿ. ಎರಡರ ಲೆಕ್ಕ ಎಷ್ಟು ಬೇರೆ ಬರುತ್ತದೆ ನೋಡಿ.

ಪ್ರೈಸ್ ಕಾರ್ಡ್‌ಗಳ ವಿಷಯಕ್ಕೆ ನಾನು ಬಹಳ ತಡವಾಗಿ ಗಮನ ಕೊಟ್ಟೆ. ಡೆಕ್‌ನಲ್ಲಿ ಒಂದೇ ಇರುವ ಕಾರ್ಡ್ ಆ 6ರೊಳಗೆ ಸಿಕ್ಕಿಕೊಳ್ಳುವ ಸಾಧ್ಯತೆ ಶೇ. 10. ಹತ್ತು ಆಟಕ್ಕೆ ಒಂದು ಸಲ ಅದು ಇಲ್ಲದ ಹಾಗೇ. ಅದೇ ಎರಡಿದ್ದರೆ ಎರಡೂ ಸಿಕ್ಕಿಕೊಳ್ಳುವುದು ಶೇ. 1ಕ್ಕಿಂತ ಕಡಿಮೆ. ಒಂದರಿಂದ ಎರಡಕ್ಕೆ ಹೋಗುವುದರಲ್ಲಿ ಇಷ್ಟು ಲಾಭ ಇದೆ. ನಾನು ಪಿಜಿಯಾಟ್ ಎಕ್ಸ್ ಎರಡು ಇಟ್ಟಿದ್ದು ಇದಕ್ಕೇ. ಪ್ರತಿ ಸರದಿಯಲ್ಲಿ ಡೆಕ್‌ನಿಂದ ಬೇಕಾದ ಒಂದು ಕಾರ್ಡ್ ಹುಡುಕಿಕೊಡುವ ಪೋಕೆಮಾನ್ ಅದು, ಅದೇ ಸಿಕ್ಕಿಹಾಕಿಕೊಂಡರೆ ಇಡೀ ಡೆಕ್ ಕುಂಟುತ್ತದೆ.

ಮೊದಲ ಸಲ ಡೆಕ್ ಹುಡುಕುವಾಗಲೇ ಏನು ಕಾಣಿಸುತ್ತಿಲ್ಲ ಅಂತ ನೋಡಿ ಪ್ರೈಸ್‌ನಲ್ಲಿ ಏನಿದೆ ಅಂತ ಕಂಡುಹಿಡಿಯುವುದನ್ನು ನಾನು ರೈಲಿನಲ್ಲಿ ಅಭ್ಯಾಸ ಮಾಡಿದೆ. ಟೂರ್ನಮೆಂಟ್‌ಗೆ ಬೆಂಗಳೂರಿಗೆ ಹೋಗುವಾಗ ಬೆಳಗಿನ ರೈಲು. ಮೈಸೂರು ಬಿಟ್ಟ ಮೇಲೆ ಆರು ಕಾರ್ಡ್ ನೋಡದೆ ತೆಗೆದು ಜೇಬಿಗೆ ಹಾಕಿಕೊಳ್ಳುವುದು. ಉಳಿದ 54ನ್ನು ಬೀಸಣಿಗೆಯ ಹಾಗೆ ಹರಡಿ ಒಂದು ಸಲ ಕಣ್ಣಾಡಿಸಿ, ಆ ಆರು ಯಾವುವು ಅಂತ ಹೇಳುವುದು. ಮೊದಮೊದಲು ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಒಂದು ಸಲವೂ ಆರಕ್ಕೆ ಆರು ಹೇಳಲು ಆಗುತ್ತಿರಲಿಲ್ಲ. ಎಲ್ಲವನ್ನೂ ಎಣಿಸಲು ಹೋಗಬೇಡಿ. ಇಲ್ಲದೆ ಇದ್ದರೆ ಆಟದ ದಾರಿಯೇ ಬದಲಾಗುವ ಏಳೆಂಟು ಕಾರ್ಡ್ ಆರಿಸಿಕೊಂಡು, ಯಾವಾಗಲೂ ಅದೇ ಕ್ರಮದಲ್ಲಿ ಹುಡುಕಿ. ಮಂಡ್ಯದಲ್ಲಿ ನನ್ನ ಗೆಳೆಯ ಹತ್ತುತ್ತಾನೆ. ಅಲ್ಲಿಂದ ಮುಂದೆ ಇಬ್ಬರ ಮಧ್ಯೆ ಬ್ಯಾಗ್ ಇಟ್ಟುಕೊಂಡು ಆಟ. ಮದ್ದೂರಿನಲ್ಲಿ ವಡೆ ಬಂದಾಗ ಮಾತ್ರ ಕಾರ್ಡ್ ಡಬ್ಬಿಗೆ. ಎಣ್ಣೆ ಕೈಯಲ್ಲಿ ಸ್ಲೀವ್ (ಕಾರ್ಡ್‌ಗೆ ಹಾಕುವ ಪ್ಲಾಸ್ಟಿಕ್ ಕವರ್) ಮುಟ್ಟಬೇಡಿ, ಇದು ಸುಮ್ನೆ ಹೇಳುತ್ತಿಲ್ಲ. ಒಂದು ಪಂದ್ಯದಲ್ಲಿ ಜಡ್ಜ್ ನನ್ನ ಡೆಕ್ ತೆಗೆದು ನೋಡಿದರು. ಜಾಸ್ತಿ ಮುಟ್ಟಿ ಮುಟ್ಟಿ ಚಾರಿಜಾರ್ಡ್‌ಗಳ ಸ್ಲೀವ್ ಮೂಲೆ ಮಾತ್ರ ಸವೆದಿತ್ತು. ಹಿಂಬದಿಯಿಂದಲೇ ಗುರುತು ಸಿಗುತ್ತಿತ್ತು. ನನಗೆ ಅದು ತಿಳಿದೇ ಇರಲಿಲ್ಲ, ಆದರೆ ಗುರುತು ಹಾಕಿದ ಕಾರ್ಡ್ ಅಂತಲೇ ಆಗುತ್ತದೆ. ಮುಂದಿನ ಸುತ್ತಿಗೆ ಮೊದಲು ಅರವತ್ತೂ ಬದಲಿಸಬೇಕಾಯಿತು. ಪಂದ್ಯದ ದಿನ ಹೊಸ ಸ್ಲೀವ್ ಹಾಕಿ, ಅದೇ ಪ್ಯಾಕಿನ ನಾಲ್ಕು ಸ್ಲೀವ್ ಹೆಚ್ಚಿಗೆ ಜೇಬಿನಲ್ಲಿರಲಿ.

ಕೈಲಿ ಉಳಿದಿದ್ದನ್ನು ಓದುವಾಗ ಒಂದು ಎಚ್ಚರ. ಬಾಸಸ್ ಆರ್ಡರ್ಸ್ ತರಹದ ಕಾರ್ಡ್ ಮೊದಲ ಸರದಿಗಳಲ್ಲಿ ಕೈಯಲ್ಲಿ ಕೂತಿದ್ದರೆ ಅದು ತಪ್ಪಲ್ಲ. ಎದುರಾಳಿಯ ಬೆಂಚಿನಿಂದ ನಿಮಗೆ ಬೇಕಾದ ಪೋಕೆಮಾನ್ ಅನ್ನು ಮುಂದಕ್ಕೆ ಎಳೆಯುವ ಕಾರ್ಡ್ ಅದು, ಕೊನೆಯ ಎರಡು ಪ್ರೈಸ್ ತೆಗೆಯಲು ಬೇಕೇ ಬೇಕು. ಎಷ್ಟನೇ ಸರದಿ ಅಂತ ಬರೆಯಲು ಹೇಳಿದ್ದು ಇದಕ್ಕೇ. ಚಾರಿಜಾರ್ಡ್ ಎಕ್ಸ್ ಏಟು ಕೂಡ ಹಾಗೆ. ಮೊದಲಿಗೆ 180, ಎದುರಾಳಿ ತೆಗೆದ ಪ್ರತಿ ಪ್ರೈಸ್‌ಗೆ 30 ಸೇರುತ್ತದೆ. ಅವರು ನಾಲ್ಕು ತೆಗೆದಾಗ 300. ಮೂರನೇ ಸರದಿಯಲ್ಲಿ ಸೋಲುತ್ತಿರುವ ಹಾಗೆ ಕಾಣುವ ಆಟ ಐದನೇ ಸರದಿಯಲ್ಲಿ ತಿರುಗುತ್ತದೆ. ನಾನು ಮೊದಲು ಬರೆದ ಕೆಲವು ಸೋಲುಗಳು ಡೆಕ್‌ನದ್ದಲ್ಲ, ಹೆದರಿ ಬೇಗ ಎಲ್ಲ ಖರ್ಚು ಮಾಡಿದ ನನ್ನವು.

ಕಾರ್ಡ್ ಕೊಳ್ಳುವ ಮೊದಲು ಎರಡು ಮಾತು. ಡೆಕ್ ತಿದ್ದಲು ಬೂಸ್ಟರ್ ಪ್ಯಾಕ್ (ಒಳಗೆ ಯಾವ ಕಾರ್ಡ್ ಇದೆ ಅಂತ ಗೊತ್ತಿಲ್ಲದ ಪೊಟ್ಟಣ) ಒಡೆಯಬೇಡಿ, ಬೇಕಾದ ಕಾರ್ಡ್ ಮಾತ್ರ ಬಿಡಿಯಾಗಿ ಕೊಳ್ಳಿ. ಕೊಳ್ಳುವ ಮುಂಚೆ ಕಾಗದದ ಚೂರಿನ ಮೇಲೆ ಹೆಸರು ಬರೆದು ಸ್ಲೀವ್‌ಗೆ ಹಾಕಿ ಮನೆಯಲ್ಲಿ ಹತ್ತು ಆಟ ಆಡಿ ನೋಡಿ. ಪಂದ್ಯದಲ್ಲಿ ಇದು ನಡೆಯಲ್ಲ, ಮನೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಕಾರ್ಡ್‌ನ ಕೆಳಗಿನ ಎಡ ಮೂಲೆಯಲ್ಲಿ ಒಂದು ಚಿಕ್ಕ ಅಕ್ಷರ ಇರುತ್ತದೆ. ಸ್ಟ್ಯಾಂಡರ್ಡ್ ಪಂದ್ಯಗಳಲ್ಲಿ ಹಳೆಯ ಅಕ್ಷರದ ಕಾರ್ಡ್‌ಗಳನ್ನು ಕಾಲಕಾಲಕ್ಕೆ ಹೊರಗೆ ಹಾಕುತ್ತಾರೆ. ಅದನ್ನು ನೋಡದೆ ದುಡ್ಡು ಕೊಡಬೇಡಿ.

ಈಗ ನಿಮ್ಮ ಡೆಕ್‌ಗೆ ಬರೋಣ. ಪಟ್ಟಿ ಹಾಕಿಲ್ಲ, ಹಾಕಿದ್ದರೂ ಇವತ್ತು ನಾನು ಇದನ್ನು ತೆಗೆಯಿರಿ ಅಂತ ಹೇಳುತ್ತಿರಲಿಲ್ಲ. ಈ ವಾರ ಒಂದು ಕಾರ್ಡೂ ಬದಲಿಸದೆ ಆಡಿ, 20 ಸಾಲು ಬರೆಯಿರಿ. ಪಟ್ಟಿಯ ಜೊತೆ ಆ ಪುಟದ ಫೋಟೋ ಇಲ್ಲೇ ಕೆಳಗೆ ಹಾಕಿ. ಭಾನುವಾರ ಮಾವನ ಜಗಲಿಯಲ್ಲಿ ಕೂತು ನೋಡಿ ಬರೆಯುತ್ತೇನೆ.